ಬರ ಮೊದಲೂ ಇತ್ತಲ್ಲ, ಈಗೇನು ಹೊಸದು? ತಿಕೋಟಾ ಕಡೆಯ ರೈತರೊಬ್ಬರಿಗೆ ಉತ್ತರ

ಪ್ರಶ್ನೆ: ಸರ್, ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕು. ನಾಲ್ಕು ಎಕರೆ ದ್ರಾಕ್ಷಿ, ಆರು ಎಕರೆ ಎರಿ (ಕಪ್ಪು ಮಣ್ಣಿನ) ಹೊಲ. ಎರಿಯಲ್ಲಿ ಬಿಳಿಜೋಳ, ಕಡಲೆ. 2023ರ ಬರದಲ್ಲಿ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡೆವು. ಟಿವಿಯಲ್ಲಿ ಎಲ್ಲದಕ್ಕೂ ಹವಾಮಾನ ಬದಲಾವಣೆ ಅಂತಾರೆ. ಆದರೆ ನಮ್ಮ ಅಜ್ಜ 1972ರ ಬರ ಕಂಡವರು. ಅವರ ಅಜ್ಜ ಅದಕ್ಕಿಂತ ಘೋರ ಬರದ ಕಥೆ ಹೇಳ್ತಿದ್ದರಂತೆ. ಆಗ ಇಷ್ಟು ಕಾರು, ಫ್ಯಾಕ್ಟರಿ ಎಲ್ಲಿದ್ದವು? ಹಾಗಾದ್ರೆ ಈಗ ಹೊಸದೇನು? ಇನ್ನೊಂದು ಮಾತು. ಎರಿ ಹೊಲದಲ್ಲಿ ಇನ್ನೆರಡು ಎಕರೆ ದ್ರಾಕ್ಷಿ ಹಚ್ಚೋಣ ಅಂತ ಮಗ ಹಟ ಹಿಡಿದಿದ್ದಾನೆ. ಹಚ್ಚಲಾ, ಬೇಡವಾ?

ಉತ್ತರ: ವಿಜಯಪುರದವರು ಕೇಳಲೇಬೇಕಾದ ಪ್ರಶ್ನೆ ಇದು. ಬರ ಅನ್ನೋದನ್ನು ನಮಗೆ ಟಿವಿಯವರು ಹೇಳಿಕೊಡಬೇಕಾಗಿಲ್ಲ. 1791–92ರ ಬರವನ್ನು ನಮ್ಮ ಕಡೆ ಡೋಗಿ ಬರ ಅಂತಲೇ ಕರೆಯುತ್ತಾರೆ, ತಲೆಬುರುಡೆಗಳ ಬರ. ಸತ್ತವರನ್ನು ಮಣ್ಣು ಮಾಡುವವರೂ ಇಲ್ಲದೆ ಬುರುಡೆಗಳು ಬಯಲಲ್ಲಿ ಬಿದ್ದಿದ್ದವಂತೆ. ಆಮೇಲೆ 1876–78ರ ಮಹಾಬರ. ನಿಮ್ಮ ಅಜ್ಜನ ಅಜ್ಜ ಹೇಳಿದ್ದು ಅದೇ ಇರಬೇಕು. ನಿಮ್ಮ ಮನೆಯ ಮಾತು ನಿಜ, ಅದನ್ನು ಬಿಟ್ಟುಕೊಡಬೇಡಿ.

ಆ ಬರಗಳಿಗೆ ಕಾರಣವೂ ಗೊತ್ತಿದೆ. ಪೆಸಿಫಿಕ್ ಸಾಗರದ ನಡುವಿನ ಮತ್ತು ಪೂರ್ವದ ನೀರು ಕೆಲವು ವರ್ಷಕ್ಕೊಮ್ಮೆ ವಾಡಿಕೆಗಿಂತ ಬಿಸಿಯಾಗುತ್ತದೆ. ಅದಕ್ಕೆ ಎಲ್ ನಿನೊ ಅಂತಾರೆ. ಅದು ಎದ್ದ ವರ್ಷ ನಮ್ಮ ಮುಂಗಾರು ಸೊರಗುವುದು ಜಾಸ್ತಿ. 1876–78ರ ಬರದ ಹಿಂದೆ ಎಲ್ ನಿನೊ ಇತ್ತು. 1972ರ ಹಿಂದೆಯೂ ಇತ್ತು. 2023ರಲ್ಲೂ ಅದೇ. ಆ ವರ್ಷದ ಆಗಸ್ಟ್, ದೇಶದಲ್ಲಿ 1901ರಿಂದ ಈಚೆಗೆ ಅತಿ ಕಡಿಮೆ ಮಳೆಯಾದ ಆಗಸ್ಟ್. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಬೇಕಾಯಿತು.

ಹಾಗಾದ್ರೆ ಹೊಸದೇನು? ಎಲ್ ನಿನೊ ಹಳೆಯ ಆಸಾಮಿ. ಅವನು ನಿಂತಿರುವ ಜಾಗ ಎತ್ತರವಾಗಿದೆ. ನೆಲದ ಮೇಲೆ ನಿಂತವನಿಗೆ ಮಾಡಿನ ಹಂಚು ಎಟುಕುವುದಿಲ್ಲ. ಅದೇ ಆಳು ಕಟ್ಟೆ ಹತ್ತಿ ನಿಂತರೆ ಸುಲಭವಾಗಿ ಕಿತ್ತು ಹಾಕುತ್ತಾನೆ. ಕಟ್ಟೆ ಎಷ್ಟು ಎತ್ತರ ಅಂತೀರಾ? 1850–1900ರ ಸರಾಸರಿಗೆ ಹೋಲಿಸಿದರೆ 2011–2020ರ ಹತ್ತು ವರ್ಷದಲ್ಲಿ ಭೂಮಿ ಸುಮಾರು 1.1 ಡಿಗ್ರಿ ಬಿಸಿಯಾಗಿತ್ತು. 2024 ಒಂದನ್ನೇ ತೆಗೆದುಕೊಂಡರೆ ಸುಮಾರು ಒಂದೂವರೆ ಡಿಗ್ರಿ. ಅಳತೆ ಶುರುವಾದಾಗಿನಿಂದ ಅಷ್ಟು ಬಿಸಿಯ ವರ್ಷ ಬಂದಿರಲಿಲ್ಲ. ಭಾರತದ ನೆಲ 1901ರಿಂದ 2018ರ ನಡುವೆ ಸುಮಾರು 0.7 ಡಿಗ್ರಿ ಕಾದಿದೆ.

ಒಂದು ಡಿಗ್ರಿ ಏನು ಮಹಾ, ನಮ್ಮಲ್ಲಿ ಬೆಳಗಿನ ಜಾವಕ್ಕೂ ಮಧ್ಯಾಹ್ನಕ್ಕೂ 15 ಡಿಗ್ರಿ ವ್ಯತ್ಯಾಸ ಇರುತ್ತೆ ಅಂತ ನೀವು ಕೇಳಬಹುದು. ಇದು ಒಂದು ದಿನದ ಲೆಕ್ಕವಲ್ಲ. ಇಡೀ ಭೂಮಿಯ, ಇಡೀ ವರ್ಷದ ಸರಾಸರಿ. ಸುಮಾರು 20 ಸಾವಿರ ವರ್ಷದ ಹಿಂದೆ, ಹಿಮಯುಗ ಜೋರಾಗಿದ್ದಾಗ, ಈ ಸರಾಸರಿ ಈಗಿನದಕ್ಕಿಂತ ಆರು ಡಿಗ್ರಿಯಷ್ಟೇ ಕಡಿಮೆ ಇತ್ತು. ಆಗ ಯುರೋಪಿನ ಉತ್ತರ ಭಾಗ ಮಂಜುಗಡ್ಡೆಯ ಅಡಿಯಲ್ಲಿತ್ತು.

ಭೂಮಿ ಬಿಸಿಯಾಗುವುದು ಹೇಗೆ ಅನ್ನೋದು ನಿಮಗೆ ಈಗಾಗಲೇ ಗೊತ್ತು. ಡಿಸೆಂಬರ್‌ನಲ್ಲಿ ಆಕಾಶ ತಿಳಿಯಾಗಿದ್ದ ರಾತ್ರಿ ಹೊಲದಲ್ಲಿ ಮಲಗಿದರೆ ಹಲ್ಲು ಕಟಕಟ ಅನ್ನುತ್ತೆ. ಮೋಡ ಕವಿದ ರಾತ್ರಿ ಅಷ್ಟು ಚಳಿ ಇರುವುದಿಲ್ಲ, ಅಲ್ವಾ? ಹಗಲು ಕಾದ ನೆಲ ರಾತ್ರಿ ತನ್ನ ಶಾಖವನ್ನು ಆಕಾಶಕ್ಕೆ ಬಿಡುತ್ತದೆ. ಮೋಡ ಅದನ್ನು ತಡೆದು ಒಂದಷ್ಟು ವಾಪಸ್ ಕಳಿಸುತ್ತದೆ, ಕೌದಿ ಹೊದ್ದ ಹಾಗೆ. ಇಂಗಾಲದ ಡೈಆಕ್ಸೈಡ್ ಮಾಡುವುದೂ ಈ ಕೆಲಸವನ್ನೇ. ಆದರೆ ಮೋಡ ಬೆಳಗಾಗುವುದರೊಳಗೆ ಸರಿದು ಹೋಗುತ್ತದೆ. ಈ ಅನಿಲ ಗಾಳಿಗೆ ಸೇರಿದರೆ ನೂರಾರು ವರ್ಷ ಉಳಿಯುತ್ತದೆ. ಅದು ಶಾಖವನ್ನು ಹೀರುತ್ತದೆ ಅಂತ ವಿಜ್ಞಾನಿ ಜಾನ್ ಟಿಂಡಾಲ್ ಪ್ರಯೋಗ ಮಾಡಿ ತೋರಿಸಿದ್ದು 1859ರಲ್ಲಿ. ಅದು ಹೆಚ್ಚಾದರೆ ಭೂಮಿ ಎಷ್ಟು ಕಾದೀತು ಅಂತ ಇನ್ನೊಬ್ಬ ವಿಜ್ಞಾನಿ ಅರೇನಿಯಸ್ ಲೆಕ್ಕ ಹಾಕಿದ್ದು 1896ರಲ್ಲಿ. ನಿನ್ನೆ ಮೊನ್ನೆ ಹುಟ್ಟಿದ ಮಾತಲ್ಲ ಇದು.

ಕಾರ್ಖಾನೆಗಳ ಕಾಲಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ಅನಿಲ ಸುಮಾರು 280 ಪಾಲಿತ್ತು. ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದಲ್ಲಿ 1958ರಲ್ಲಿ ಅಳೆಯಲು ಶುರು ಮಾಡಿದಾಗ 315ರ ಆಸುಪಾಸು. ಈಗ 420 ದಾಟಿದೆ. ಅಂಟಾರ್ಕ್ಟಿಕಾದ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡ ಹಳೆಯ ಗಾಳಿಯ ಗುಳ್ಳೆಗಳನ್ನು ಅಳೆದಿದ್ದಾರೆ. ಮನುಷ್ಯ ಕಲ್ಲಿದ್ದಲು ಸುಡುವುದಕ್ಕೆ ಮುಂಚಿನ ಎಂಟು ಲಕ್ಷ ವರ್ಷದಲ್ಲಿ ಅದು 300ರ ಮೇಲೆ ಏರಿಯೇ ಇರಲಿಲ್ಲ. ಕೌದಿಗೆ ಹೊಸ ಪದರ ಹೊಲಿದವರು ಮನುಷ್ಯರೇ ಅನ್ನೋದಕ್ಕೆ ಗುರುತುಗಳಿವೆ. ಕಲ್ಲಿದ್ದಲು, ಎಣ್ಣೆಯಿಂದ ಬಂದ ಇಂಗಾಲದ ಲಕ್ಷಣವೇ ಬೇರೆ, ಅದನ್ನು ಗಾಳಿಯಲ್ಲಿ ಪತ್ತೆ ಹಚ್ಚಬಹುದು. ಸೂರ್ಯನೇ ಜಾಸ್ತಿ ಉರಿಯುತ್ತಿದ್ದರೆ ವಾತಾವರಣ ಕೆಳಗಿಂದ ಮೇಲಿನವರೆಗೂ ಕಾಯಬೇಕಿತ್ತು. ಆದರೆ ಕೆಳಗಿನ ಪದರ ಕಾಯುತ್ತಿದೆ, ಮೇಲಿನ ಪದರ ತಣ್ಣಗಾಗುತ್ತಿದೆ. ಕೌದಿಯ ಒಳಗೆ ಬಿಸಿ, ಹೊರಗೆ ತಂಪು.

ಇನ್ನು ಮಳೆಯ ವಿಷಯ. ನಮ್ಮ ಹೊಟ್ಟೆಗೆ ತಟ್ಟುವುದು ಇದೇ, ಸ್ವಲ್ಪ ನಿಧಾನಕ್ಕೆ ಓದಿ.

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳಬಲ್ಲದು. ಸಣ್ಣ ಅರಿವೆಯಿಂದ ನೆಲ ಒರೆಸಿದರೆ ಬೇಗ ಬೇಗ ಹಿಂಡಬೇಕು, ಸ್ವಲ್ಪ ಸ್ವಲ್ಪ ನೀರು ಬೀಳುತ್ತದೆ. ದೊಡ್ಡ ಅರಿವೆ ಹಾಗಲ್ಲ. ಬಹಳ ಹೊತ್ತು ಹೀರುತ್ತಲೇ ಇರುತ್ತದೆ, ಹಿಂಡಿದಾಗ ಬಕೆಟ್ ತುಂಬುತ್ತದೆ. ಈಗಿನ ಗಾಳಿ ದೊಡ್ಡ ಅರಿವೆ. ಮಳೆ ಇಲ್ಲದ ದಿನಗಳಲ್ಲಿ ನಿಮ್ಮ ಹೊಲದ ಹಸಿಯನ್ನೂ ಬಳ್ಳಿಯ ನೀರನ್ನೂ ಜಾಸ್ತಿ ಎಳೆಯುತ್ತದೆ. ಸುರಿದಾಗ ಒಂದೇ ಸಲಕ್ಕೆ ಸುರಿಯುತ್ತದೆ. ಬರ, ನೆರೆ ಎರಡೂ ಒಂದೇ ಕಾರಣದಿಂದ ಹೆಚ್ಚಾಗುವುದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಹೀಗೆ.

ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 1950ರಿಂದ 2015ರವರೆಗಿನ ಮಳೆ ಲೆಕ್ಕ ತೆಗೆದು ನೋಡಿದರು. ಮಧ್ಯ ಭಾರತದಲ್ಲಿ ದೊಡ್ಡ ಪ್ರದೇಶವನ್ನು ಆವರಿಸುವ ಅತಿ ಭಾರಿ ಮಳೆಯ ಘಟನೆಗಳು ಮೂರು ಪಟ್ಟಾಗಿದ್ದವು. ಅರಬ್ಬಿ ಸಮುದ್ರ ಕಾದು, ಅಲ್ಲಿಂದ ತೇವ ನುಗ್ಗಿ ಬರುವುದು ಹೆಚ್ಚಾಗಿದ್ದು ಇದಕ್ಕೆ ಮುಖ್ಯ ಕಾರಣ. ಹೆಚ್ಚುಕಡಿಮೆ ಅದೇ ಅವಧಿಯಲ್ಲಿ ದೇಶದ ಒಟ್ಟು ಮುಂಗಾರು ಮಳೆ ಮಾತ್ರ ಸುಮಾರು ಶೇ 6ರಷ್ಟು ಇಳಿದಿದೆ. ಪಶ್ಚಿಮ ಘಟ್ಟದಲ್ಲೂ ಇಳಿಕೆ ಕಂಡಿದೆ. ಈ ಅಂಕಿಗಳು ನಮ್ಮ ಜಿಲ್ಲೆಯವಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಆದರೆ ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ, ಮಲಪ್ರಭೆ ಹುಟ್ಟುವುದು ಖಾನಾಪುರದ ಕಣಕುಂಬಿಯಲ್ಲಿ. ನಮ್ಮ ಮೇಲೆ ಬೀಳುವ ಮಳೆ ವರ್ಷಕ್ಕೆ 600 ಮಿಲಿಮೀಟರ್ ಸುಮಾರು. ಕಣಕುಂಬಿಯಲ್ಲಿ ಅದರ ಐದು ಪಟ್ಟಿಗೂ ಜಾಸ್ತಿ. ಘಟ್ಟಕ್ಕೆ ನೆಗಡಿಯಾದರೆ ನಮಗೆ ಜ್ವರ ಬರುತ್ತದೆ.

2019 ನೆನಪಿದೆಯಲ್ಲ? ಮೇ ತಿಂಗಳಲ್ಲಿ ಅಥಣಿ, ಚಿಕ್ಕೋಡಿ ಕಡೆ ಕೃಷ್ಣಾ ನದಿಯ ಪಾತ್ರ ಒಣಗಿತ್ತು. ಕೊಯ್ನಾ ಜಲಾಶಯದಿಂದ ಕುಡಿಯೋಕೆ ನೀರು ಬಿಡಿ ಅಂತ ಮಹಾರಾಷ್ಟ್ರವನ್ನು ಕೇಳುತ್ತಿದ್ದೆವು. ಆಗಸ್ಟ್ ಬಂತು. ಅದೇ ಊರುಗಳ ಜನ ಮನೆ ಬಿಟ್ಟು ಎತ್ತರದ ಜಾಗಕ್ಕೆ ಓಡಿದರು. ಗೋಕಾಕ, ಮುಧೋಳ ಮುಳುಗಿದವು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ಮಲಪ್ರಭೆ ನುಗ್ಗಿದಳು. ನಡುವೆ ಇದ್ದದ್ದು ಮೂರೇ ತಿಂಗಳು. 2009 ಇನ್ನೂ ವಿಚಿತ್ರ. ಅದು ಎಲ್ ನಿನೊ ವರ್ಷ, ದೇಶಕ್ಕೆ ಬರ. ಮುಂಗಾರು ಮುಗಿಯಿತು ಅನ್ನುವಾಗ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕಕ್ಕೆ ಮಹಾನೆರೆ.

ಆ 2009ರ ಮಳೆಯಲ್ಲಿ ನನ್ನ ಹೊಲವೂ ಹೋಯಿತು. ಹೊಲದ ಕೆಳಗಿನ ಬದುವಿಗೆ ನಾನೇ ನಿಂತು ಎತ್ತರದ ಒಡ್ಡು ಹಾಕಿಸಿದ್ದೆ. ಹೆಚ್ಚಾದ ನೀರು ಹೋಗಲು ಕಲ್ಲಿನ ಕೋಡಿ ಬಿಡಿಸಿರಲಿಲ್ಲ. ಮುಂದಿನ ವರ್ಷ ಮಾಡಿದರಾಯ್ತು ಅಂದುಕೊಂಡಿದ್ದೆ. ರಾತ್ರಿಯೆಲ್ಲ ಸುರಿಯಿತು. ಬೆಳಿಗ್ಗೆ ಹೋದರೆ ಒಡ್ಡು ನಡುವೆ ಒಡೆದಿತ್ತು, ಎತ್ತಿನ ಬಂಡಿ ದಾಟುವಷ್ಟು ಅಗಲ. ಅಲ್ಲಿಂದ ಕೊಚ್ಚಿ ಹೋದ ಕಪ್ಪು ಮಣ್ಣು ಮತ್ತೆ ಬರಲಿಲ್ಲ. ಆ ಜಾಗದಲ್ಲಿ ಈಗಲೂ ಜೋಳ ಮೊಣಕಾಲಿನ ಮೇಲೆ ಏಳುವುದಿಲ್ಲ. ಹಳೆಯ ಮಳೆಯ ಅಂದಾಜಿಗೆ ಹಾಕಿದ ಒಡ್ಡು ಹೊಸ ಮಳೆಯನ್ನು ತಡೆಯುವುದಿಲ್ಲ ಅಂತ ನಾನು ಕಲಿತದ್ದು ಹಾಗೆ. ನಿಮ್ಮ ಹೊಲದಲ್ಲಿ ಕೋಡಿ ಇಲ್ಲದ ಒಡ್ಡು ಇದ್ದರೆ ಮೊದಲ ಕೆಲಸ ಅದು.

ಎರಡನೆಯ ಕೆಲಸಕ್ಕೆ ಒಂದು ಸಣ್ಣ ಲೆಕ್ಕ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. 25 ಮಿಲಿಮೀಟರ್ ಬಿದ್ದರೆ ಒಂದು ಲಕ್ಷ ಲೀಟರ್. 5,000 ಲೀಟರಿನ ಟ್ಯಾಂಕರ್ ಇಪ್ಪತ್ತು. ನೀವು 2023ರಲ್ಲಿ ಒಂದೊಂದು ಟ್ಯಾಂಕರಿಗೆ ಎಷ್ಟು ಕೊಟ್ಟಿರಿ ನೆನಪು ಮಾಡಿಕೊಳ್ಳಿ. ಈಗ ಆರು ಎಕರೆ ಎರಿ ಹೊಲದಿಂದ ಒಂದು ಜೋರು ಮಳೆಗೆ ಹರಿದು ಹಳ್ಳ ಸೇರುವ ಕೆಂಪು ಕಪ್ಪು ನೀರನ್ನು ನೆನಪು ಮಾಡಿಕೊಳ್ಳಿ.

ಆ ನೀರನ್ನು ಬಿದ್ದಲ್ಲೇ ನಿಲ್ಲಿಸುವ ದಾರಿ ನಮ್ಮಲ್ಲೇ ಇದೆ. ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನೆ ಶುರುವಾಗಿ ತೊಂಬತ್ತು ವರ್ಷವಾಯಿತು. 1930ರ ದಶಕದಲ್ಲಿ ಸೊಲ್ಲಾಪುರ, ವಿಜಯಪುರ, ಹಗರಿ, ರಾಯಚೂರು, ರೋಹ್ಟಕ್ ಈ ಐದು ಕಡೆ ಕೇಂದ್ರ ತೆರೆದಿದ್ದರು. ಅಲ್ಲಿಂದ ರೈತರಿಗೆ ಬಂದ ಪದ್ಧತಿಗಳಲ್ಲಿ ನನಗೆ ಬಹಳ ಬೆಲೆಯುಳ್ಳದ್ದು ಅನ್ನಿಸುವುದು ಚೌಕು ಮಡಿ. ಜೂನ್, ಜುಲೈನಲ್ಲಿ ಖಾಲಿ ಹೊಲದ ತುಂಬ ಸಣ್ಣ ಸಣ್ಣ ಚೌಕ ಕಟ್ಟುವುದು. ಇಳಿಜಾರು ಜಾಸ್ತಿ ಇದ್ದರೆ ಚಿಕ್ಕ ಮಡಿ, ಕಡಿಮೆ ಇದ್ದರೆ ದೊಡ್ಡ ಮಡಿ. ಬಿದ್ದ ಮಳೆ ಅಲ್ಲೇ ಇಂಗುತ್ತದೆ. ಉತ್ತರಿ, ಹಸ್ತ ಮಳೆಗೆ ಹರಗಿ ಬಿತ್ತುವುದು. ಹಿಂಗಾರಿ ಜೋಳ ಬಿತ್ತಿದ ಮೇಲೆ ಮೋಡ ನೋಡಿ ಬೆಳೆಯುವುದಿಲ್ಲ, ನೆಲದೊಳಗಿನ ಹಸಿ ಕುಡಿದು ಬೆಳೆಯುತ್ತದೆ. ಹಾಗಾಗಿ ಮಳೆ ಒಂದೇ ಸಲಕ್ಕೆ ಸುರಿಯುವ ಕಾಲಕ್ಕೆ ಇದಕ್ಕಿಂತ ಹೊಂದುವ ಬೆಳೆ ಇಲ್ಲ, ಆ ಹಸಿಯನ್ನು ನೀವು ಹಿಡಿದಿಟ್ಟರೆ.

ಒಂದು ಸಲ ಅಕ್ಟೋಬರ್ ಕೊನೆಗೆ ಅಕ್ಕಪಕ್ಕದ ಎರಡು ಹೊಲಕ್ಕೆ ಹೋಗಿದ್ದೆ. ಒಂದರಲ್ಲಿ ಮಡಿ ಕಟ್ಟಿದ್ದರು, ಇನ್ನೊಂದರಲ್ಲಿ ಇಲ್ಲ. ಕೈಯಲ್ಲಿ ಒಂದು ಕಬ್ಬಿಣದ ಸರಳು. ಮಡಿ ಇಲ್ಲದ ಹೊಲದಲ್ಲಿ ಅದು ಒಂದೂವರೆ ಅಡಿ ಇಳಿದು ಟಣ್ ಅಂತ ನಿಂತಿತು. ಒಣ ಮಣ್ಣು, ಕಲ್ಲಿನ ಹಾಗೆ. ಬದು ದಾಟಿ ಈ ಕಡೆ ಚುಚ್ಚಿದರೆ ಸರಳು ಬೆಣ್ಣೆಗೆ ಚುಚ್ಚಿದ ಹಾಗೆ ಇಳಿಯಿತು, ಮೂರು ಅಡಿಯ ತನಕ. ಹೊರಗೆ ತೆಗೆದಾಗ ತುದಿಗೆ ಮೆತ್ತಿದ್ದ ಮಣ್ಣನ್ನು ಆ ಹೊಲದ ಯಜಮಾನರು ಬೆರಳಲ್ಲಿ ತೆಗೆದು ಉಂಡೆ ಮಾಡಿದರು. ಉಂಡೆ ಒಡೆಯಲಿಲ್ಲ. ಇಬ್ಬರ ಹೊಲದ ಮೇಲೂ ಬಿದ್ದದ್ದು ಒಂದೇ ಮಳೆ. ಈ ಪರೀಕ್ಷೆ ನೀವೂ ಮಾಡಬಹುದು, ಒಂದು ರೂಪಾಯಿ ಖರ್ಚಿಲ್ಲ.

ಇದರ ಜೊತೆ ತಿಪ್ಪೆ ಗೊಬ್ಬರ, ಬಿರುಕು ಬಿಡುವ ಹೊತ್ತಿಗೆ ಎಡೆ ಹೊಡೆದು ಬಿರುಕು ಮುಚ್ಚುವುದು, ಕಡಲೆಯ ನಡುವೆ ಅಕ್ಕಡಿಗೆ ಕುಸುಬೆ. ಹೊಸದೇನೂ ಇಲ್ಲ, ನಿಮ್ಮ ಅಜ್ಜ ಮಾಡಿದ್ದೇ. ಬಿಳಿಜೋಳದ ಬೀಜ ಬೇಕಾದರೆ ಎಂ 35-1 ಇನ್ನೂ ನಂಬಿಕೆಯ ತಳಿ.

ಕೃಷಿ ಹೊಂಡದ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಹರಿದು ಬರುವ ಮಳೆ ನೀರು ತುಂಬುವ ಹೊಂಡ ಬಂಗಾರ. ಬೋರ್ ನೀರನ್ನು ಮೇಲೆತ್ತಿ ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಬಿಸಿಲಿಗೆ ಇಡುವುದು ನನಗೆ ಸಂಕಟ ತರುತ್ತದೆ. ನೆಲದೊಳಗೆ ತಂಪಾಗಿ ಇದ್ದ ನೀರು ಅದು. ಮೇಲೆ ತಂದರೆ ಆವಿಯಾಗಿ ಹೋಗುತ್ತದೆ, ಪಕ್ಕದವರ ಬೋರೂ ಬತ್ತುತ್ತದೆ. ಆದಿಲ್‌ಶಾಹಿಗಳ ಕಾಲದಲ್ಲಿ ತೊರವಿಯಿಂದ ಊರಿಗೆ ನೀರು ತಂದದ್ದು ನೆಲದಡಿಯ ಸುರಂಗದಲ್ಲಿ. ಬಿಸಿಲಿನ ಊರಿನಲ್ಲಿ ನೀರನ್ನು ಮುಚ್ಚಿಟ್ಟು ಒಯ್ಯಬೇಕು ಅಂತ ಅವರಿಗೆ ಗೊತ್ತಿತ್ತು.

ಒಬ್ಬರ ಕೈಯಲ್ಲಿ ಆಗದ್ದು ಊರಿನ ಕೈಯಲ್ಲಿ ಆಗುತ್ತದೆ. ಜಮಖಂಡಿ ಕಡೆಯ ರೈತರು ತಮ್ಮ ಮುಂದಾಳು ಸಿದ್ದು ನ್ಯಾಮಗೌಡರ ಜೊತೆ ನಿಂತು, ತಾವೇ ದುಡ್ಡು ಹಾಕಿ, ಮಣ್ಣು ಹೊತ್ತು, 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಶ್ರಮಬಿಂದು ಸಾಗರ ಅಂತ ಅದರ ಹೆಸರು. ನಿಮ್ಮೂರ ಹಳ್ಳಕ್ಕೆ ಅಷ್ಟು ದೊಡ್ಡದು ಬೇಕಾಗಿಲ್ಲ. ಸಾಲಾಗಿ ನಾಲ್ಕು ಸಣ್ಣ ಒಡ್ಡು ಸಾಕು, ಬೋರ್‌ಗಳಿಗೆ ಜೀವ ಬರುತ್ತದೆ.

ತಪ್ಪು ಯಾರದು ಅನ್ನೋದು ನಿಮ್ಮ ಪತ್ರದಲ್ಲಿ ನೇರವಾಗಿ ಇಲ್ಲ, ಆದರೂ ಇದೆ. ಒಬ್ಬ ಭಾರತೀಯನ ಪಾಲಿಗೆ ವರ್ಷಕ್ಕೆ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಒಬ್ಬ ಅಮೆರಿಕನ್ನನ ಪಾಲಿಗೆ ಹದಿನಾಲ್ಕು ಟನ್ ಆಸುಪಾಸು. ಜೋಳ ಬೆಳೆಯುವವನು ಈ ಕೌದಿ ಹೊಲಿದವನಲ್ಲ, ಹೊದ್ದುಕೊಂಡು ಬೆವರುವವನು ಮಾತ್ರ ಅವನೇ. ಇದು ಅನ್ಯಾಯ, ಇದನ್ನು ಜೋರಾಗಿ ಹೇಳಬೇಕು. ಹಾಗಂತ ನಮ್ಮ ಮನೆಯ ಲೆಕ್ಕ ಬಿಡುವಂತಿಲ್ಲ. ಕಲ್ಲಿದ್ದಲು ಸುಡುವ 2,400 ಮೆಗಾವಾಟಿನ ಕೂಡಗಿ ಸ್ಥಾವರ ನಮ್ಮ ಜಿಲ್ಲೆಯಲ್ಲೇ ಇದೆ. ನಮ್ಮ ಬಿಸಿಲು, ಸವದತ್ತಿಯ ಗಾಳಿ ಆ ಜಾಗಕ್ಕೆ ಬರಬೇಕು. ಪಂಪ್‌ಸೆಟ್ ಹಗಲಲ್ಲೇ ಸೋಲಾರ್‌ನಲ್ಲಿ ಓಡಿದರೆ ರಾತ್ರಿ ಹಾವಿನ ಭಯದಲ್ಲಿ ನೀರು ಹಾಯಿಸಲು ಹೋಗುವುದೂ ತಪ್ಪುತ್ತದೆ. ಮುಧೋಳ, ಅಥಣಿ ಕಡೆಯ ನಿಮ್ಮ ಬೀಗರು ಕಬ್ಬು ಬೆಳೆಯುವವರಾದರೆ ಅವರಿಗೆ ಹೇಳಿ, ರವದಿಗೆ (ಕಬ್ಬಿನ ಒಣ ಎಲೆಗೆ) ಬೆಂಕಿ ಹಚ್ಚಬೇಡಿ ಅಂತ. ಸಾಲಿನ ನಡುವೆ ಹಾಸಿದರೆ ಹಸಿ ಉಳಿಯುತ್ತದೆ, ಕೊಳೆತು ಗೊಬ್ಬರವಾಗುತ್ತದೆ. ಯೂರಿಯಾ ಕೂಡ ಹಾಗೇ. ಬೆಳೆ ತಿನ್ನದೆ ಉಳಿದ ಯೂರಿಯಾದಿಂದ ಏಳುವ ನೈಟ್ರಸ್ ಆಕ್ಸೈಡ್ ಅನಿಲ, ತೂಕಕ್ಕೆ ತೂಕ ನೋಡಿದರೆ, ಇಂಗಾಲದ ಡೈಆಕ್ಸೈಡಿಗಿಂತ 270 ಪಟ್ಟು ಜಾಸ್ತಿ ಶಾಖ ಹಿಡಿಯುತ್ತದೆ. ಸುಮ್ನೆ ಸುರಿದರೆ ದುಡ್ಡೂ ಹೋಯಿತು, ಗಾಳಿಯೂ ಕೆಟ್ಟಿತು.

ಈಗ ಮಗನ ದ್ರಾಕ್ಷಿ. ನನ್ನ ಉತ್ತರ: ಸದ್ಯಕ್ಕೆ ಬೇಡ.

ದ್ರಾಕ್ಷಿ ಕೆಟ್ಟ ಬೆಳೆ ಅಂತ ಅಲ್ಲ. ನಿಮ್ಮ ಭಾಗಕ್ಕೆ ಅನ್ನ ಕೊಟ್ಟ ಬೆಳೆ. ಆದರೆ ಅದು ಮಳೆಯ ವೇಳೆ ನೋಡಿ ಬದುಕುವ ಬೆಳೆ. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವುದು) ಆಗಿ ಹೂ ಬರುವ ಹೊತ್ತಿಗೆ ಮಳೆ, ಮೋಡ ಹಿಡಿದರೆ ಡೌನಿ ಅನ್ನೋ ಬೂಜು ರೋಗ ಒಂದು ವಾರದಲ್ಲಿ ಗೊನೆ ಮುಗಿಸುತ್ತದೆ. ಏಪ್ರಿಲ್ ಚಾಟ್ನಿಯ ನಂತರ ಬಿಸಿಲು ಸಾಲದಿದ್ದರೆ ಮುಂದಿನ ಹಂಗಾಮಿನ ಗೊನೆಯೇ ಕಡಿಮೆ. ಕೊನೆಗೆ ಒಣದ್ರಾಕ್ಷಿ ಮಾಡಲು ಹಣ್ಣು ಒಣಗಿಸುವ ಶೆಡ್. ಒಮ್ಮೆ ಮಾರ್ಚ್‌ನಲ್ಲಿ ನಿಮ್ಮ ಕಡೆಯ ಒಂದು ಶೆಡ್ಡಿನಲ್ಲಿ ನಿಂತಿದ್ದೆ. ಹಸಿರು ನೆರಳು ಬಲೆ, ಸಾಲು ಸಾಲು ಜಾಲರಿ, ಮೇಲೆ ಡಿಪ್ಪಿಂಗ್ ಮಾಡಿ (ದ್ರಾವಣದಲ್ಲಿ ಅದ್ದಿ) ಹರವಿದ ಹಣ್ಣು, ಅರ್ಧ ಒಣಗಿತ್ತು. ಸಂಜೆ ಅರ್ಧ ಗಂಟೆ ಅಡ್ಡ ಮಳೆ. ಹೆಣ್ಣುಮಕ್ಕಳು ಸೀರೆ ಸೆರಗು ಕಟ್ಟಿ ತಾಡಪತ್ರಿ ಎಳೆದರು, ಆದರೂ ಅಂಚಿನ ಜಾಲರಿಗಳು ತೊಯ್ದವು. ಎರಡು ದಿನಕ್ಕೆ ಆ ಹಣ್ಣು ಹಸಿರು ಬಣ್ಣ ಬಿಟ್ಟು ಕಂದಾಯಿತು. ರುಚಿಗೆ ವ್ಯತ್ಯಾಸ ಇರಲಿಲ್ಲ. ದರ ಮಾತ್ರ ಬಿದ್ದುಹೋಯಿತು.

ಅದೂ ಅಲ್ಲದೆ ನಿಮ್ಮ ಎರಿ ನೆಲ ಆಳವಾದ ಕಪ್ಪು ಮಣ್ಣಿದ್ದರೆ ನೀರು ಬಸಿಯುವುದಿಲ್ಲ. ಜೋರು ಮಳೆಯಲ್ಲಿ ಬೇರು ಉಸಿರುಕಟ್ಟುತ್ತದೆ, ಬೋರ್ ನೀರಿನಿಂದ ಉಪ್ಪು ಏರುತ್ತದೆ. ಡಾಗ್‌ರಿಡ್ಜ್ ಅನ್ನೋ ಕಾಡು ದ್ರಾಕ್ಷಿಯ ಬೇರಿನ ಮೇಲೆ ಕಸಿ ಕಟ್ಟಿದರೆ ಉಪ್ಪನ್ನು ಸ್ವಲ್ಪ ತಡೆದೀತು. ನಿಂತ ನೀರಿಗೆ ಅದು ಔಷಧವಲ್ಲ. ಇನ್ನು ಎಲ್ಲ ಹತ್ತು ಎಕರೆಯಲ್ಲಿ ಆರಕ್ಕೆ ದ್ರಾಕ್ಷಿ ಆದರೆ, ಮುಂದಿನ ಎಲ್ ನಿನೊ ವರ್ಷ ಟ್ಯಾಂಕರ್ ಯಾವ ಬೋರಿನಿಂದ ತುಂಬುತ್ತೀರಿ? ಜೋಳವೇ ಇದ್ದರೆ ಆ ವರ್ಷ ಮನೆಗೆ ಕಾಳು, ದನಕ್ಕೆ ಕಣಿಕೆ ಆದರೂ ಸಿಗುತ್ತದೆ.

ಅದೇ ದುಡ್ಡನ್ನು ಇದ್ದ ನಾಲ್ಕು ಎಕರೆಗೆ ಹಾಕಲಿ. ಶೆಡ್ಡಿಗೆ ನಾಲ್ಕೂ ಕಡೆ ಇಳಿಬಿಡುವ ಪರದೆ. ಬಳ್ಳಿಯ ಬುಡಕ್ಕೆ ಹೊದಿಕೆ. ಚಾಟ್ನಿಯನ್ನು ಒಂದೇ ದಿನ ಮುಗಿಸದೆ, ಎರಡು ಎರಡು ಎಕರೆ, ಹತ್ತು ಹದಿನೈದು ದಿನದ ಅಂತರ. ಒಂದು ಮಳೆ ಎಲ್ಲವನ್ನೂ ಒಟ್ಟಿಗೆ ಹಿಡಿಯಬಾರದು. ದ್ರಾಕ್ಷಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಇದೆ, ಕಂತು ಕಟ್ಟುವ ಕೊನೆಯ ದಿನ ತಪ್ಪಿಸಬೇಡಿ. ಅದರಲ್ಲಿ ಪರಿಹಾರ ನಿಗದಿಯಾಗುವುದು ಮುಖ್ಯವಾಗಿ ಹವಾಮಾನ ಮಾಪನ ಕೇಂದ್ರದ ಅಂಕಿಯ ಮೇಲೆ, ನಿಮ್ಮ ತೋಟ ನೋಡಿ ಅಲ್ಲ. ಹಾಗಾಗಿ ಆ ಅಂಕಿ ಸರಿ ಇದೆಯಾ ಅಂತ ಗೊತ್ತಾಗಲು ನಿಮ್ಮ ಹತ್ತಿರ ನಿಮ್ಮದೇ ಅಂಕಿ ಇರಬೇಕು.

ಆ ಕೆಲಸವನ್ನು ಮಗನಿಗೆ ವಹಿಸಿ. ಒಂದು ಮಳೆಮಾಪಕ ತಂದು ತೋಟದ ನಡುವೆ, ಮರ ಗೋಡೆ ಅಡ್ಡ ಬರದ ಕಡೆ ನಿಲ್ಲಿಸಲಿ. ಫೋನಿನಲ್ಲಿ ಮೇಘದೂತ್ ಆ್ಯಪ್ ಹೇಳಿದ್ದೇನು, ನಿಜವಾಗಿ ಬಿದ್ದದ್ದೆಷ್ಟು, ಚಾಟ್ನಿ ಯಾವ ದಿನ, ಔಷಧ ಯಾವ ದಿನ, ಯಾವ ತಿಂಗಳು ಬೋರ್ ಎಷ್ಟು ಗಂಟೆ ಓಡಿತು, ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆಯಲಿ. ಮಳೆಯ ಹೆಸರನ್ನೂ ಬರೆಯಲಿ, ರೋಹಿಣಿ, ಮೃಗಶಿರ ಅಂತ. ನಿಮ್ಮ ಅಜ್ಜನ ಮಾತಿನ ಜೊತೆ ತಾಳೆ ನೋಡಲು ಅನುಕೂಲ. ಎರಡು ಹಂಗಾಮು ಮುಗಿಯಲಿ. ಆಮೇಲೆ ಆ ನೋಟ್‌ಬುಕ್ ಹಿಡಿದುಕೊಂಡು ಅಪ್ಪ ಮಗ ಇಬ್ಬರೂ ಬನ್ನಿ. ಆ ಎರಡು ಎಕರೆಯ ಮಾತನ್ನು ಕೂತು ಆಡೋಣ.